ಯಾರ ಮನೆಯ ನಾಯಿ?

ಅಮೆರಿಕದ ಊರುಗಳಲ್ಲಿ ಬೀದಿನಾಯಿಗಳಿಲ್ಲ ಎಂಬುದು ಊರಿನಿಂದ ಬಂದ ತಂದೆತಾಯಿಯರು ಮೊದಲ ವಾರದಲ್ಲೇ ಗಮನಿಸುವ ಸಂಗತಿಗಳಲ್ಲೊಂದು. ಮಕ್ಕಳು ಅದನ್ನು ತಾವೇ ಸಾಧಿಸಿದ್ದೆಂಬ ಹೆಮ್ಮೆಯಿಂದ ಒಪ್ಪಿಕೊಳ್ಳುವುದೂ ಉಂಟು. 2025ರ ಆಗಸ್ಟ್ 11ರಂದು ಭಾರತದ ಸುಪ್ರೀಂ ಕೋರ್ಟಿನ ಪೀಠವೊಂದು ದೆಹಲಿ ಮತ್ತು ಸುತ್ತಲಿನ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಗಳಿಗೆ ಸೇರಿಸಬೇಕೆಂದು ಆದೇಶಿಸಿದಾಗ, ವಲಸಿಗರ ಮಾತುಕತೆಗಳಲ್ಲಿ ಈ ಹೆಮ್ಮೆ ಮತ್ತೆ ತಲೆಯೆತ್ತಿತು. ಇಲ್ಲಿಯಂತೆ ಅಲ್ಲಿಯೂ ಶೆಲ್ಟರುಗಳನ್ನು ಕಟ್ಟಿದರೆ ಮುಗಿಯಿತಲ್ಲ ಎಂಬ ಧಾಟಿ ಅದು. ಇಲ್ಲಿಯ ಶೆಲ್ಟರೊಂದರಲ್ಲಿ ಒಂದು ವರ್ಷವಾದರೂ ದುಡಿದವರು, ಅಲ್ಲಿಂದ ಪ್ರಾಣಿಗಳನ್ನು ಮನೆಗೆ ತಂದು ಸಾಕಿ ಬೇರೊಂದು ಮನೆಗೆ ದಾಟಿಸಿದವರು, ಈ ಮಾತನ್ನು ಅಷ್ಟು ಸಲೀಸಾಗಿ ಆಡಲಾರರು.

2024ರಲ್ಲಿ ಅಮೆರಿಕದ ಶೆಲ್ಟರುಗಳಿಗೂ ರಕ್ಷಣಾ ಸಂಘಗಳಿಗೂ ಬಂದ ನಾಯಿ ಬೆಕ್ಕುಗಳು ಸುಮಾರು 58 ಲಕ್ಷ. ಹೊಸ ಮನೆ ಸೇರಿದವು ಸುಮಾರು 42 ಲಕ್ಷ. ಕೊಲ್ಲಲ್ಪಟ್ಟವು 6 ಲಕ್ಷಕ್ಕೂ ಹೆಚ್ಚು. 1970ರ ದಶಕದಲ್ಲಿ ಈ ಕೊನೆಯ ಸಂಖ್ಯೆ ವರ್ಷಕ್ಕೆ ಒಂದು ಕೋಟಿಗೂ ಮೇಲಿತ್ತೆಂಬುದು ಸಾಮಾನ್ಯವಾಗಿ ಒಪ್ಪಿಕೊಂಡ ಅಂದಾಜು. ಆದ್ದರಿಂದ ಇಲ್ಲಿ ನಡೆದಿರುವ ಪ್ರಗತಿ ಸಣ್ಣದಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆಯ ಜೊತೆಗೆ, ಸಂಬಳವಿಲ್ಲದೆ ದುಡಿಯುವ ಅಸಂಖ್ಯ ಮನೆಗಳು ಆ ಪ್ರಗತಿಯ ಭಾರವನ್ನು ಹೊತ್ತಿವೆ.

ಈ ಮನೆಗಳ ಪಂಚಾಂಗವೇ ಬೇರೆ. ಅವುಗಳ ವರ್ಷ ತೊಡಗುವುದು ಯುಗಾದಿಯ ಆಸುಪಾಸಿನಲ್ಲಿ, ಹಗಲು ಉದ್ದವಾಗಿ ಬೆಕ್ಕುಗಳು ಬೆದೆಗೆ ಬಂದು ಮರಿ ಹಾಕತೊಡಗಿದಾಗ. ಏಪ್ರಿಲ್ ಮೇ ತಿಂಗಳುಗಳಲ್ಲಿ ಶೆಲ್ಟರಿನ ಬಾಗಿಲಿಗೆ ರಟ್ಟಿನ ಪೆಟ್ಟಿಗೆಗಳು ಬರುತ್ತವೆ. ಒಳಗೆ ಕಣ್ಣು ತೆರೆಯದ ಮರಿಗಳು. ಶೆಲ್ಟರಿನಲ್ಲಿ ರಾತ್ರಿ ಯಾರೂ ಇರುವುದಿಲ್ಲ. ತಾಯಿಯಿಲ್ಲದ ಮರಿಗೆ ಎರಡು ಮೂರು ಗಂಟೆಗೊಮ್ಮೆ ಬಾಟಲಿಯ ಹಾಲು ಬೇಕು, ಅದೂ ಹಸುವಿನ ಹಾಲಲ್ಲ, ಬೆಕ್ಕಿನ ಮರಿಗೆಂದೇ ತಯಾರಿಸಿದ ಪುಡಿಯ ಹಾಲು. ಕುಡಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸದಿದ್ದರೆ ಅದು ಮೂತ್ರವನ್ನೂ ಮಾಡಲಾರದು. ಹೀಗಾಗಿ ಅಂಥ ಮರಿಗಳನ್ನು ಅದೇ ಸಂಜೆ ಯಾರಾದರೂ ಮನೆಗೆ ಒಯ್ಯದಿದ್ದರೆ ಅವು ಬೆಳಗಿನವರೆಗೆ ಬದುಕುವ ಸಂಭವ ಕಡಿಮೆ. ಎಷ್ಟೋ ಕಡೆ ಬೆಳಗಿನವರೆಗೆ ಕಾಯುವುದೂ ಇಲ್ಲ. ಒಯ್ದವರು ಅಡುಗೆಮನೆಯ ತಕ್ಕಡಿಯಲ್ಲಿ ದಿನವೂ ತೂಗಿ ಗ್ರಾಂಗಳಲ್ಲಿ ಲೆಕ್ಕ ಬರೆಯುತ್ತಾರೆ. ತೂಕ ಏರಿದರೆ ಬದುಕು, ಎರಡು ದಿನ ನಿಂತರೆ ಆತಂಕ. ಎಂಟು ವಾರ ಕಳೆದು ತೂಕ ಸುಮಾರು 900 ಗ್ರಾಂ ಮುಟ್ಟಿದಾಗ ಶಸ್ತ್ರಚಿಕಿತ್ಸೆ, ಆಮೇಲೆ ದತ್ತು. ನಾಲ್ಕು ಮರಿಗಳಲ್ಲಿ ಒಂದು ಕಾರಣವೇ ತಿಳಿಯದೆ ಬಾಡಿಹೋಗುವುದು ಈ ಕೆಲಸದಲ್ಲಿ ಅಪರೂಪವಲ್ಲ. ಆ ಮನೆಯ ಮಕ್ಕಳಿಗೆ ಸಾವು ಪರಿಚಯವಾಗುವುದು ಹೀಗೆ, ಒಂದು ಷೂ ಪೆಟ್ಟಿಗೆಯಷ್ಟು ಅಳತೆಯಲ್ಲಿ.

ಜುಲೈ 4ರ ಸುಡುಮದ್ದಿನ ಮರುದಿನ ಶೆಲ್ಟರುಗಳು ತುಂಬುತ್ತವೆ. ಸ್ವಾತಂತ್ರ್ಯದ ಸದ್ದಿಗೆ ಹೆದರಿ ಬೇಲಿ ಹಾರಿದ ನಾಯಿಗಳವು. ದೀಪಾವಳಿಯ ರಾತ್ರಿ ಮಂಚದಡಿ ನಡುಗುವ ನಾಯಿಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚಳಿಗಾಲದಲ್ಲಿ ಟೆಕ್ಸಾಸ್, ಲೂಸಿಯಾನ, ಜಾರ್ಜಿಯಾದಂಥ ದಕ್ಷಿಣದ ರಾಜ್ಯಗಳಿಂದ ವ್ಯಾನುಗಳು ಉತ್ತರಕ್ಕೆ ಹೊರಡುತ್ತವೆ. ಉತ್ತರದ ಶೆಲ್ಟರುಗಳಲ್ಲಿ ಮರಿಗಳಿಗೆ ಬೇಡಿಕೆಯಿದೆ, ದಕ್ಷಿಣದಲ್ಲಿ ಜಾಗವಿಲ್ಲ. ಇವೆಲ್ಲದರ ನಡುವೆ ವರ್ಷವಿಡೀ ಕದಲದೆ ಉಳಿಯುವುದು ದೊಡ್ಡ ದೇಹದ, ಅಗಲ ತಲೆಯ, ಮಧ್ಯವಯಸ್ಸಿನ ನಾಯಿ. ಕಾಂಕ್ರೀಟ್ ನೆಲದ ಕೋಣೆಯಲ್ಲಿ ವಾರಗಳು ಕಳೆದಂತೆ ಅದು ಗಿರಗಿರನೆ ಸುತ್ತತೊಡಗುತ್ತದೆ, ಬಾಗಿಲಿಗೆ ಹಾರುತ್ತದೆ, ಹಾದುಹೋಗುವವರ ಮೇಲೆ ಬೊಗಳುತ್ತದೆ. ಹಾಗೆ ಬೊಗಳುವುದರಿಂದಲೇ ಅದನ್ನು ಯಾರೂ ಒಯ್ಯುವುದಿಲ್ಲ. ಅದೇ ನಾಯಿ ಒಂದು ಮನೆಗೆ ಬಂದು ಮೂರು ದಿನ ಮಲಗಿ ಎದ್ದ ಮೇಲೆ ಬೇರೆಯದೇ ಪ್ರಾಣಿ. ಶೆಲ್ಟರಿನ ಕಾಗದದಲ್ಲಿ ದಾಖಲಾದ ಅದರ ‘ಸ್ವಭಾವ’ ಎಷ್ಟೋ ಸಲ ಆ ಕಟ್ಟಡದ ಸ್ವಭಾವವಷ್ಟೇ ಆಗಿರುತ್ತದೆ.

ಕೊನೆಗೆ ಸಾಕಿದ್ದನ್ನು ಒಪ್ಪಿಸುವ ದಿನ ಬರುತ್ತದೆ. ಅದು ಹೊಸಬರ ಕಾರಿನ ಕಿಟಕಿಯಿಂದ ಹಿಂದಿರುಗಿ ನೋಡುತ್ತದೆ, ಇವರು ಮನೆಯೊಳಗೆ ಹೋಗಿ ಬಟ್ಟಲು ತೊಳೆದಿಡುತ್ತಾರೆ. ಮುಂದಿನದಕ್ಕೆ ಜಾಗ ಮಾಡುವುದೇ ಈ ವಿದಾಯದ ಅರ್ಥ. ಈ ದುಡಿಮೆಯ ಬಹುಪಾಲು ಹೆಂಗಸರದು. ಸಾರ್ವಜನಿಕ ಸೇವೆಯೊಂದರ ಕೊರತೆಯನ್ನು ಮನೆಯೊಳಗಿನ ಹೆಣ್ಣಿನ ದುಡಿಮೆ ಸದ್ದಿಲ್ಲದೆ ತುಂಬುವುದು ಕನ್ನಡಿಗರಿಗೆ ಹೊಸ ಕತೆಯಲ್ಲ. ಅಂಗನವಾಡಿಯ, ಆಶಾ ಕಾರ್ಯಕರ್ತೆಯರ ‘ಗೌರವಧನ’ದ ದೇಶದಿಂದ ಬಂದವರಿಗೆ ಇದು ಪರಿಚಿತ ಏರ್ಪಾಟೇ. ಇಲ್ಲಿ ಗೌರವಧನವೂ ಇಲ್ಲ.

ಆದರೆ ಈ ಕೆಲಸವನ್ನು ಹೊಗಳಿ ಮುಗಿಸಿದರೆ ಅದು ಅರ್ಧಸತ್ಯವಾದೀತು. ಈ ಪ್ರಾಣಿಗಳು ಬಂದದ್ದು ಎಲ್ಲಿಂದ ಎಂಬುದನ್ನು ರಕ್ಷಣಾ ಲೋಕ ಬಹುಕಾಲ ಕೇಳಲೇ ಇಲ್ಲ. ಅದರ ಬಳಿ ಸಿದ್ಧ ಉತ್ತರವೊಂದಿತ್ತು: ಬೇಜವಾಬ್ದಾರಿ ಮಾಲೀಕರು. ಶೆಲ್ಟರಿಗೆ ಬರುವ ಪ್ರಾಣಿಗಳಲ್ಲಿ ಅರ್ಧಕ್ಕೂ ಹೆಚ್ಚು ಬೀದಿಯಲ್ಲಿ ಸಿಕ್ಕವು, ಉಳಿದವುಗಳಲ್ಲಿ ದೊಡ್ಡ ಪಾಲು ಮಾಲೀಕರೇ ತಂದೊಪ್ಪಿಸಿದವು. ತಂದೊಪ್ಪಿಸುವವರ ಸಾಲಿನಲ್ಲಿ ನಿಂತು ಕೇಳಿದರೆ ಕ್ರೌರ್ಯದ ಕತೆಗಿಂತ ಬಾಡಿಗೆಯ ಕತೆ ಹೆಚ್ಚು ಕೇಳಿಸುತ್ತದೆ. ಬಾಡಿಗೆ ಏರಿತು, ಚಿಕ್ಕ ಮನೆಗೆ ಹೋಗಬೇಕಾಯಿತು, ಹೊಸ ಮನೆಯವರು ನಾಯಿಗೆಂದೇ ಪ್ರತ್ಯೇಕ ಠೇವಣಿ ಕೇಳುತ್ತಾರೆ, ತಿಂಗಳ ಬಾಡಿಗೆಯಲ್ಲೂ ನಾಯಿಯ ಪಾಲು ಸೇರಿಸುತ್ತಾರೆ, ಇಷ್ಟು ಪೌಂಡಿಗಿಂತ ಹೆಚ್ಚು ತೂಗುವಂತಿಲ್ಲ, ಇಂತಿಂಥ ತಳಿಗೆ ಪ್ರವೇಶವಿಲ್ಲ. ಪಿಟ್‌ಬುಲ್ ಎಂಬ ಹಣೆಪಟ್ಟಿ ಹೊತ್ತ ನಾಯಿಗಳು ಶೆಲ್ಟರಿನ ಕೊನೆಯ ಸಾಲಿನಲ್ಲಿ ಕೊಳೆಯುವುದಕ್ಕೆ ಅವುಗಳ ಹಲ್ಲಿಗಿಂತ ಬಾಡಿಗೆ ಕರಾರಿನ ಈ ಷರತ್ತುಗಳು ಹೆಚ್ಚು ಕಾರಣ.

ಬಾಡಿಗೆಯ ನಂತರದ್ದು ವೈದ್ಯರ ಬಿಲ್ಲು. ಮಾರ್ಸ್ ಎಂಬ ಚಾಕೊಲೇಟ್ ಕಂಪನಿ 2017ರಲ್ಲಿ ವಿಸಿಎ ಎಂಬ ಪಶು ಆಸ್ಪತ್ರೆಗಳ ಸರಪಳಿಯನ್ನು ಕೊಂಡಿತು. ಬ್ಯಾನ್‌ಫೀಲ್ಡ್ ಆಸ್ಪತ್ರೆಗಳು ಅದಕ್ಕೆ ಮೊದಲೇ ಅದರ ಕೈಯಲ್ಲಿದ್ದವು. ಬ್ರಿಟನ್ನಿನಲ್ಲಿ ದೊಡ್ಡ ಗುಂಪುಗಳ ಒಡೆತನದಲ್ಲಿದ್ದ ಪಶುಚಿಕಿತ್ಸಾಲಯಗಳು 2013ರಲ್ಲಿ ಶೇ 10ರಷ್ಟಿದ್ದುದು ಹತ್ತು ವರ್ಷಗಳಲ್ಲಿ ಶೇ 60ರ ಹತ್ತಿರ ಬಂದಿತೆಂದು ಅಲ್ಲಿಯ ಸ್ಪರ್ಧಾ ನಿಯಂತ್ರಕ ಸಂಸ್ಥೆಯೇ ಹೇಳಿ ತನಿಖೆಗೆ ಇಳಿಯಿತು. ಊರಿನ ವೈದ್ಯ ನಾಯಿಯ ಮುಖ ನೋಡಿ, ಕರೆತಂದವರ ಮುಖವನ್ನೂ ನೋಡಿ ಬಿಲ್ಲು ಬರೆಯುತ್ತಿದ್ದ ಕಾಲ ಕಳೆದುಹೋಗುತ್ತಿದೆ. ಮುರಿದ ಕಾಲಿನ ನಾಯಿಯನ್ನು ಶೆಲ್ಟರಿಗೆ ಬಿಟ್ಟುಹೋಗುವವರಲ್ಲಿ ಅನೇಕರು ಅದರ ಕಾಲು ಉಳಿಯಲೆಂದೇ ಬಿಟ್ಟುಹೋಗುತ್ತಾರೆ. ತಾವಿಟ್ಟುಕೊಂಡರೆ ಅದಕ್ಕೆ ಚಿಕಿತ್ಸೆಯಿಲ್ಲ, ತ್ಯಜಿಸಿದರೆ ಉಂಟು.

ಅಂಥ ಮನೆಯಿಂದ ಬಿಡಿಸಿಕೊಂಡ ಪ್ರಾಣಿಯನ್ನು ಸ್ವಂತ ಮನೆಯೂ ಹಿತ್ತಿಲೂ ಇರುವವರಿಗೆ ತಲುಪಿಸುವುದಕ್ಕೆ ಇಲ್ಲಿಯ ಭಾಷೆಯಲ್ಲಿ ‘ರೆಸ್ಕ್ಯೂ’ ಎಂದು ಹೆಸರು. ಬೆಂಕಿಯಿಂದ, ನೆರೆಯಿಂದ ಪಾರು ಮಾಡುವುದಕ್ಕೂ ಅದೇ ಪದ. ಇಲ್ಲಿ ಪಾರು ಮಾಡಿದ್ದು ಯಾವುದರಿಂದ? ಎಷ್ಟೋ ಸಲ, ಬಡತನದಿಂದ. ಬಡವರನ್ನು ಅಲ್ಲಿಯೇ ಬಿಟ್ಟು, ಅವರ ನಾಯಿಯನ್ನು ಮಾತ್ರ.

ಇದು ಉತ್ಪ್ರೇಕ್ಷೆಯೆನಿಸಿದವರು ಕತ್ರಿನಾ ಚಂಡಮಾರುತದ ನಂತರದ ಪ್ರಕರಣವೊಂದನ್ನು ನೆನೆಯಬಹುದು. 2005ರ ಆಗಸ್ಟ್‌ನಲ್ಲಿ ನ್ಯೂ ಆರ್ಲಿಯನ್ಸ್ ಮುಳುಗಿದಾಗ ಜನರನ್ನು ಸಾಗಿಸಿದ ಬಸ್ಸುಗಳಲ್ಲಿ ಪ್ರಾಣಿಗಳಿಗೆ ಜಾಗವಿರಲಿಲ್ಲ. ಕಾರಿದ್ದವರು ನಾಯಿಯೊಡನೆ ಹೊರಟರು. ಕಾರಿಲ್ಲದವರಲ್ಲಿ ಕೆಲವರು ನಾಯಿಯನ್ನು ಬಿಟ್ಟು ಹೊರಟರು, ಕೆಲವರು ಬಿಡಲಾರದೆ ನೀರಿನಲ್ಲೇ ಉಳಿದರು. ಮರುವರ್ಷ ಕಾಂಗ್ರೆಸ್ ಕಾನೂನೊಂದನ್ನು ಮಾಡಿ ವಿಪತ್ತಿನ ಯೋಜನೆಗಳಲ್ಲಿ ಮನೆಯ ಪ್ರಾಣಿಗಳನ್ನೂ ಸೇರಿಸಬೇಕೆಂದಿತು. ಅಷ್ಟರಲ್ಲಿ ಸಾವಿರಾರು ಪ್ರಾಣಿಗಳು ದೇಶದ ನಾನಾ ಮೂಲೆಗಳಲ್ಲಿ ಹೊಸ ಹೆಸರು ಪಡೆದಿದ್ದವು. ಲೂಸಿಯಾನದ ಸೇಂಟ್ ಬರ್ನಾರ್ಡ್ ಪ್ಯಾರಿಷ್‌ನ ಕುಟುಂಬವೊಂದು ತಾತ್ಕಾಲಿಕ ಶಿಬಿರದಲ್ಲಿ ಬಿಟ್ಟುಹೋಗಿದ್ದ ತನ್ನ ನಾಯಿಯನ್ನು ಹುಡುಕುತ್ತ ಹೋದಾಗ ಅದು ಫ್ಲಾರಿಡಾದಲ್ಲಿ, ಸರ್ಕಾರಿ ವಕೀಲೆಯೊಬ್ಬರ ಮನೆಯಲ್ಲಿತ್ತು. ಟ್ಯಾಂಕ್ ಎಂಬ ಅದರ ಹೆಸರು ನೋವಾ ಎಂದಾಗಿತ್ತು. ದತ್ತು ಪಡೆದವರು ಹಿಂದಿರುಗಿಸಲೊಪ್ಪಲಿಲ್ಲ. ನಾಯಿಗೆ ಹೃದಯದ ಹುಳುಬಾಧೆಯಿತ್ತು, ಅದನ್ನು ಸರಿಯಾಗಿ ನೋಡಿಕೊಂಡಿರಲಿಲ್ಲ ಎಂಬುದು ಆ ಕಡೆಯ ವಾದ. ಒಂದು ವರ್ಷಕ್ಕೂ ಹೆಚ್ಚು ಕಾಲ ನಡೆದ ಮೊಕದ್ದಮೆ 2007ರಲ್ಲಿ ವಿಚಾರಣೆಯ ಹೊಸ್ತಿಲಲ್ಲಿ ರಾಜಿಯಾಗಿ ನಾಯಿ ತನ್ನ ಮೊದಲ ಮನೆ ಸೇರಿತು. ಆ ವಕೀಲೆ ಪ್ಯಾಮ್ ಬಾಂಡಿ. ಮುಂದೆ ಫ್ಲಾರಿಡಾದ, 2025ರಲ್ಲಿ ಇಡೀ ಅಮೆರಿಕದ ಅಟಾರ್ನಿ ಜನರಲ್ ಆದವರು.

ಅವರ ರಾಜಕಾರಣ ಇಲ್ಲಿ ಮುಖ್ಯವಲ್ಲ. ಆ ವಾದವನ್ನು ಎತ್ತಿದವರು ಉದಾರವಾದಿ ವಕೀಲರಾಗಿದ್ದರೂ ಆಶ್ಚರ್ಯವಿರುತ್ತಿರಲಿಲ್ಲ, ಏಕೆಂದರೆ ಅದು ರಕ್ಷಣಾ ಲೋಕದ ಸಾಮಾನ್ಯ ವಾದ. ಹೃದಯದ ಹುಳು ಸೊಳ್ಳೆಯಿಂದ ಬರುತ್ತದೆ. ಲೂಸಿಯಾನದ ಜೌಗು ನೆಲದಲ್ಲಿ ಸೊಳ್ಳೆಗೆ ಬರವಿಲ್ಲ. ತಡೆಯಲು ತಿಂಗಳಿಗೊಂದು ಮಾತ್ರೆ ಬೇಕು, ಮಾತ್ರೆಗೆ ವೈದ್ಯರ ಚೀಟಿ ಬೇಕು, ಚೀಟಿಗೆ ರಕ್ತಪರೀಕ್ಷೆ ಬೇಕು. ಹೀಗಾಗಿ ಆ ಹುಳು ಸೊಳ್ಳೆಗಳ ನಕಾಶೆಯನ್ನೂ ಹಣದ ನಕಾಶೆಯನ್ನೂ ಒಂದರ ಮೇಲೊಂದಿಟ್ಟ ಜಾಗದಲ್ಲಿ ನೆಲೆಸುತ್ತದೆ. ಅದನ್ನು ಪ್ರೀತಿಯ ಅಳತೆಗೋಲಾಗಿ ಹಿಡಿದರೆ ದಕ್ಷಿಣದ ಬಡವರೆಲ್ಲ ಪ್ರೀತಿಯಿಲ್ಲದವರೆಂದು ತೀರ್ಮಾನಿಸಬೇಕಾಗುತ್ತದೆ.

ದತ್ತು ಅರ್ಜಿಯ ನಮೂನೆಗಳನ್ನು ನೋಡಿದರೂ ಇದೇ ಮನೋಧರ್ಮ. ಸ್ವಂತ ಮನೆಯೇ, ಬಾಡಿಗೆಯೇ? ಬಾಡಿಗೆಯಾದರೆ ಮಾಲೀಕರ ಒಪ್ಪಿಗೆ ಪತ್ರವೆಲ್ಲಿ? ಬೇಲಿಯ ಎತ್ತರವೆಷ್ಟು? ದಿನಕ್ಕೆಷ್ಟು ಗಂಟೆ ಮನೆಯಿಂದ ಹೊರಗಿರುತ್ತೀರಿ? ಹಿಂದಿನ ಪಶುವೈದ್ಯರ ದೂರವಾಣಿ? ಪರಿಚಯ ಹೇಳಬಲ್ಲ ಮೂವರ ಹೆಸರು? ಮನೆ ನೋಡಲು ಯಾವ ದಿನ ಬರಬಹುದು? ವೀಸಾ ಕಚೇರಿಯ ಕಿಟಕಿಯ ಮುಂದೆ ನಿಂತು ಬಂದವರಿಗೆ ಈ ಪ್ರಶ್ನೆಗಳ ಧ್ವನಿ ಗೊತ್ತಿದೆ. ಮೊದಲ ಗುಮಾನಿ, ಆಮೇಲೆ ದಾಖಲೆ, ಕೊನೆಗೆ ಮಾತ್ರ ಮನುಷ್ಯ. ಎರಡು ಪಾಳಿ ದುಡಿಯುವವಳು, ಮೂರನೇ ಮಹಡಿಯಲ್ಲಿರುವವನು, ಇಂಗ್ಲಿಷಿನಲ್ಲಿ ಉದ್ದುದ್ದ ಉತ್ತರ ಬರೆಯಲಾರದವರು ಮೊದಲ ಸುತ್ತಿನಲ್ಲೇ ಬಿದ್ದುಹೋಗುತ್ತಾರೆ. ಅವರಲ್ಲಿ ಕೆಲವರು ಪತ್ರಿಕೆಯ ಜಾಹೀರಾತಿನಲ್ಲೋ ಸಂತೆಯಲ್ಲೋ ಲಸಿಕೆಯಿಲ್ಲದ ಮರಿಯೊಂದನ್ನು ಕೊಳ್ಳುತ್ತಾರೆ. ಮುಂದೊಂದು ದಿನ ಅದೂ ಶೆಲ್ಟರಿಗೇ ಬರುತ್ತದೆ. ಇತ್ತೀಚೆಗೆ ಅನೇಕ ಶೆಲ್ಟರುಗಳು ಈ ನಮೂನೆಗಳನ್ನು ಬಿಟ್ಟು ಮಾತುಕತೆಯ ದಾರಿ ಹಿಡಿದಿವೆ ಎಂಬುದನ್ನೂ ಹೇಳಬೇಕು.

ಅಮೆರಿಕದ ಶೆಲ್ಟರಿನ ಚರಿತ್ರೆಯೇ ಒಳ್ಳೆಯ ಉದ್ದೇಶದ ಇಕ್ಕಟ್ಟಿನದು. ಹತ್ತೊಂಬತ್ತನೆಯ ಶತಮಾನದ ನ್ಯೂಯಾರ್ಕ್ ತನ್ನ ಬೀದಿನಾಯಿಗಳನ್ನು ಕಬ್ಬಿಣದ ಪಂಜರದಲ್ಲಿ ತುಂಬಿ ನದಿಯಲ್ಲಿ ಮುಳುಗಿಸುತ್ತಿತ್ತು; 1877ರ ಬೇಸಿಗೆಯ ಒಂದೇ ದಿನ 700ಕ್ಕೂ ಹೆಚ್ಚು. ಇದನ್ನು ಕಂಡು ಮರುಗಿದವರು ಕಡಿಮೆ ನೋವಿನ ವಿಧಾನ ಹುಡುಕಿದರು. ಫಿಲಡೆಲ್ಫಿಯಾದಲ್ಲಿ 1869ರಲ್ಲಿ ಕ್ಯಾರೊಲಿನ್ ಅರ್ಲ್ ವೈಟ್ ಮತ್ತು ಸಂಗಡಿಗರು ಕಟ್ಟಿದ ಮಹಿಳೆಯರ ಸಂಘ ನಾಯಿದೊಡ್ಡಿಯನ್ನು ಆಶ್ರಯತಾಣವಾಗಿಸಿತು. ನ್ಯೂಯಾರ್ಕಿನಲ್ಲಿ 1866ರಲ್ಲಿ ಪ್ರಾಣಿದಯಾ ಸಂಘ ಸ್ಥಾಪಿಸಿದ ಹೆನ್ರಿ ಬರ್ಗ್ ಬದುಕಿರುವವರೆಗೆ ಅದು ನಗರದ ನಾಯಿದೊಡ್ಡಿಯ ಹೊಣೆ ಹೊರಲಿಲ್ಲ. ಆತ ತೀರಿಕೊಂಡ ಮೇಲೆ, 1894ರಲ್ಲಿ, ಹೊತ್ತಿತು. ಮುಂದಿನ ನೂರು ವರ್ಷ ಪ್ರಾಣಿಗಳನ್ನು ರಕ್ಷಿಸಲು ಹುಟ್ಟಿದ ಸಂಸ್ಥೆಯೇ ಅವುಗಳನ್ನು ಲಕ್ಷಗಟ್ಟಲೆ ಕೊಂದಿತು, ಆದಷ್ಟು ಮೃದುವಾಗಿ. ಕನ್ನಡದಲ್ಲಿ ಇದಕ್ಕೆ ‘ದಯಾಮರಣ’ ಎಂಬ ಪದವನ್ನು ಯೋಚಿಸದೆ ಬಳಸುತ್ತೇವೆ. ಗುಣವಾಗದ ನೋವಿನಲ್ಲಿರುವ ಜೀವಕ್ಕೆ ಆ ಪದ ಸಲ್ಲುತ್ತದೆ. ಸೋಮವಾರ ಬೆಳಿಗ್ಗೆ ಇನ್ನೊಂದು ನಾಯಿ ಬರಲಿರುವುದರಿಂದ ಶನಿವಾರ ಸಂಜೆ ಕೊಲ್ಲಲ್ಪಟ್ಟ ಆರೋಗ್ಯವಂತ ನಾಯಿಗೆ ಅದನ್ನು ಬಳಸುವುದು ದಯೆಗೂ ಮರಣಕ್ಕೂ ಅವಮಾನ. ಸೂಜಿ ಚುಚ್ಚುವ ನೌಕರರು ಕಡಿಮೆ ಸಂಬಳದವರು, ಅದೇ ನಾಯಿಗೆ ಅದೇ ಬೆಳಿಗ್ಗೆ ಊಟ ಹಾಕಿದವರು.

ಜರ್ಮನಿಯಲ್ಲಿರುವ ಕನ್ನಡಿಗರು ಇಲ್ಲಿ ಆಕ್ಷೇಪಿಸಬಹುದು. ಅಲ್ಲಿ ಸಕಾರಣವಿಲ್ಲದೆ ಪ್ರಾಣಿಯನ್ನು ಕೊಲ್ಲುವುದು ಅಪರಾಧ, ಜಾಗದ ಅಭಾವ ಸಕಾರಣವಲ್ಲ. ಸರಿಯೇ. ಆದರೆ ಅಲ್ಲಿಯ ಟೀರ್‌ಹೈಮ್‌ಗಳು ಈಗ ತುಂಬಿ ತುಳುಕುತ್ತಿವೆ, ಹೊಸ ಪ್ರಾಣಿಗಳಿಗೆ ಬಾಗಿಲು ಮುಚ್ಚುತ್ತಿವೆ. ಒಳಗೆ ಬರುವ ದಾರಿಯನ್ನು ತಿದ್ದದೆ ಹೊರಹೋಗುವ ದಾರಿಯನ್ನು ಮಾತ್ರ ತಿದ್ದಿದರೆ ಅಲ್ಲಿಯೂ ಇಕ್ಕಟ್ಟೇ.

ಒಳಬರುವ ದಾರಿಯಲ್ಲಿ ನಿಂತವರೂ ಇದ್ದಾರೆ. ಲಾಸ್ ಏಂಜಲಿಸ್‌ನ ಲೋರಿ ವೈಸ್ ಎಂಬಾಕೆ ವರ್ಷಗಟ್ಟಲೆ ನಾಯಿಗಳನ್ನು ಹೊಸ ಮನೆಗಳಿಗೆ ದಾಟಿಸಿದ ಮೇಲೆ, 2013ರಲ್ಲಿ ದಕ್ಷಿಣ ಲಾಸ್ ಏಂಜಲಿಸ್‌ನ ನಗರ ಶೆಲ್ಟರಿನ ಬಾಗಿಲಲ್ಲೇ ಒಂದು ಮೇಜು ಹಾಕಿಸಿದರು. ಕಪ್ಪು ಜನರೂ ಲ್ಯಾಟಿನೊ ಕಾರ್ಮಿಕರೂ ವಾಸಿಸುವ ಪ್ರದೇಶ ಅದು. ನಾಯಿಯನ್ನು ಒಪ್ಪಿಸಲು ಸಾಲಿನಲ್ಲಿ ನಿಂತವರನ್ನು ಆ ಮೇಜಿನವರು ಬೈಯುವುದಿಲ್ಲ. ನಿಮಗೇನು ಬೇಕು ಎಂದು ಕೇಳುತ್ತಾರೆ. ಒಬ್ಬರಿಗೆ ಶಸ್ತ್ರಚಿಕಿತ್ಸೆಯ ಖರ್ಚು, ಒಬ್ಬರಿಗೆ ಮುರಿದ ಬೇಲಿಯ ರಿಪೇರಿ, ಒಬ್ಬರಿಗೆ ಪರವಾನಗಿಯ ದಂಡ, ಒಬ್ಬರಿಗೆ ಬಾಡಿಗೆಯ ಠೇವಣಿ. ಎಷ್ಟೋ ಸಲ ಆ ಮೊತ್ತ, ಅದೇ ನಾಯಿಯನ್ನು ಶೆಲ್ಟರಿನಲ್ಲಿ ವಾರಗಟ್ಟಲೆ ಸಾಕುವ ಖರ್ಚಿಗಿಂತ ಕಡಿಮೆ. ನಾಯಿ ತನ್ನ ಮನೆಗೇ ಮರಳುತ್ತದೆ. ಛಾಯಾಚಿತ್ರಕ್ಕೆ ಒದಗುವ ದತ್ತುಸಮಾರಂಭವಿಲ್ಲ, ಆನಂದಬಾಷ್ಪವಿಲ್ಲ, ಆದ್ದರಿಂದ ದೇಣಿಗೆಯೂ ಕಡಿಮೆ. ಪ್ರಗತಿಪರರೆನ್ನಿಸಿಕೊಂಡವರು ಪ್ರಾಣಿಗಳಿಗೆಂದು ಡಾಲರೊಂದನ್ನು ಕೊಡುವುದಾದರೆ ಮೊದಲು ಕೊಡಬೇಕಾದ್ದು ಇಂಥ ಮೇಜಿಗೆ. ಬಾಡಿಗೆ ಕರಾರಿನಲ್ಲಿ ತಳಿ ನಿಷೇಧವನ್ನು ತಡೆಯುವ ಮಸೂದೆ ತಮ್ಮ ರಾಜ್ಯದ ಶಾಸನಸಭೆಗೆ ಬಂದಾಗ ಬರೆಯಬೇಕಾದ ಪತ್ರವೂ ಪ್ರಾಣಿರಕ್ಷಣೆಯೇ.

ಭಾರತದ ಆದೇಶಕ್ಕೆ ಮರಳಿದರೆ, ಆಗಸ್ಟ್ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಲಿಸಿತು. ರೇಬೀಸ್ ತಗುಲಿದ, ಆಕ್ರಮಣಕಾರಿಯಾದ ನಾಯಿಗಳನ್ನುಳಿದು ಮಿಕ್ಕವನ್ನು ಸಂತಾನಹರಣ ಮಾಡಿ, ಲಸಿಕೆ ಹಾಕಿ, ಹಿಡಿದಲ್ಲಿಗೇ ಬಿಡಬೇಕೆಂದಿತು. ನವೆಂಬರ್ 7ರಂದು ಮತ್ತೆ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದ ನಾಯಿಗಳನ್ನು ತೆಗೆದು ಆಶ್ರಯತಾಣಕ್ಕೊಯ್ಯಬೇಕು, ಮರಳಿ ಅಲ್ಲಿಗೇ ಬಿಡಬಾರದು ಎಂಬ ಆದೇಶ ಬಂತು. ಕಚ್ಚಿಸಿಕೊಳ್ಳುವವರ ಭಯವನ್ನು ಸುಳ್ಳೆನ್ನಲಾಗದು. ನಸುಕಿನಲ್ಲಿ ಬೀದಿ ಗುಡಿಸುವ ಪೌರಕಾರ್ಮಿಕರು, ಶಾಲೆಗೆ ನಡೆದುಹೋಗುವ ಮಕ್ಕಳು, ರಾತ್ರಿ ಪಾಳಿ ಮುಗಿಸಿ ಬರುವವರು ಅವರು. ಕಾರಿನೊಳಗಿಂದ ನಾಯಿಗೆ ಬಿಸ್ಕತ್ತು ಎಸೆಯುವವರಲ್ಲ. ಅವರಿಗೆ ಬೇಕಾದದ್ದು ಲಸಿಕೆ ಹಾಕಿಸಿಕೊಂಡ ನಾಯಿ, ಸರ್ಕಾರಿ ಆಸ್ಪತ್ರೆಯಲ್ಲಿ ಯಾವ ಹೊತ್ತಿಗೂ ಸಿಗುವ ರೇಬೀಸ್ ಚುಚ್ಚುಮದ್ದು, ದಿನವೂ ಎತ್ತುವ ಕಸ. ಬೆಂಗಳೂರಿನಲ್ಲಿ 2023ರ ಪಾಲಿಕೆಯ ಗಣತಿಯ ಪ್ರಕಾರ ಸುಮಾರು 2.79 ಲಕ್ಷ ಬೀದಿನಾಯಿಗಳಿದ್ದವು. ಅವುಗಳನ್ನೆಲ್ಲ ಗೋಡೆಯೊಳಗೆ ಸೇರಿಸುವ ಮಾತನಾಡುವವರು ಅವು ಯಾವ ಮನೆಗೆ ಹೊರಡಲಿವೆ ಎಂಬುದನ್ನೂ ಹೇಳಬೇಕು. ದತ್ತು ಪಡೆಯುವ 42 ಲಕ್ಷ ಅವಕಾಶಗಳು ಒದಗುವ ದೇಶದಲ್ಲೇ 6 ಲಕ್ಷ ಉಳಿದುಹೋಗುತ್ತವೆ. ‘ಕಂಟ್ರಿ ನಾಯಿ’ ಎಂದು ಮೂಗು ಮುರಿದು ಹಸ್ಕಿಯನ್ನು ಸಾವಿರಾರು ರೂಪಾಯಿಗೆ ಕೊಂಡು ಬೆಂಗಳೂರಿನ ಸೆಕೆಯಲ್ಲಿ ಕಟ್ಟಿಹಾಕುವ ಮಧ್ಯಮವರ್ಗ ಇರುವಲ್ಲಿ ಆ ಲೆಕ್ಕ ಇನ್ನಷ್ಟು ಕಠೋರ.

ಈ ವಿಷಯ ವಲಸಿಗರ ಮನೆಗೂ ಬರುತ್ತದೆ. ಎಚ್-1ಬಿ ವೀಸಾದವರು ಕೆಲಸ ಕಳೆದುಕೊಂಡರೆ ಇನ್ನೊಂದನ್ನು ಹುಡುಕಲು ಅಥವಾ ಹೊರಡಲು ಸಿಗುವ ಕಾಲ 60 ದಿನ. ಮನೆ, ಕಾರು, ಮಕ್ಕಳ ಶಾಲೆ ಎಲ್ಲವನ್ನೂ ಬಿಚ್ಚಿ ಕಟ್ಟಬೇಕಾದ ಆ ಎಂಟು ವಾರಗಳಲ್ಲಿ ಕೋವಿಡ್ ಕಾಲದಲ್ಲಿ ತಂದ ನಾಯಿಯ ಪ್ರಶ್ನೆಯೂ ಇದೆ. ಭಾರತಕ್ಕೆ ಒಯ್ಯಬಹುದು, ನೆಲೆ ಬದಲಿಸುವವರ ಪ್ರಾಣಿಗಳಿಗೆ ಕ್ವಾರಂಟೈನ್ ಇಲಾಖೆಯ ಒಪ್ಪಿಗೆ, ರೇಬೀಸ್ ಲಸಿಕೆಯ ದಾಖಲೆ, ಅಮೆರಿಕದ ಕೃಷಿ ಇಲಾಖೆಯ ಮುದ್ರೆಯುಳ್ಳ ಆರೋಗ್ಯಪತ್ರ ಬೇಕು, ಬೆಂಗಳೂರಿನಲ್ಲೇ ಇಳಿಸಿಕೊಳ್ಳಲೂ ವ್ಯವಸ್ಥೆಯಿದೆ. ಆದರೆ ಕಾಗದಗಳಿಗೂ ವಿಮಾನಕ್ಕೂ ವಾರಗಳು ಹಿಡಿಯುತ್ತವೆ, ದೊಡ್ಡ ನಾಯಿಯ ಪ್ರಯಾಣಕ್ಕೆ ಮನುಷ್ಯನ ಟಿಕೆಟ್ಟಿಗಿಂತ ಹೆಚ್ಚು ಬೀಳುವುದುಂಟು. ಆಗ ಶೆಲ್ಟರಿನ ಸಾಲಿನಲ್ಲಿ ನಿಲ್ಲುವವರಿಗೆ ‘ಬೇಜವಾಬ್ದಾರಿ ಮಾಲೀಕ’ ಎಂಬ ಹೆಸರು ಎಷ್ಟು ಸುಲಭವಾಗಿ ಅಂಟುತ್ತದೆಂಬುದು ತಿಳಿಯುತ್ತದೆ. ರಾಜ್ಯೋತ್ಸವಕ್ಕೆ ಸಭಾಂಗಣ, ಬಂದವರಿಗೆ ಬಿಸಿಬೇಳೆಬಾತು ಹೊಂದಿಸಬಲ್ಲ ಕನ್ನಡ ಸಂಘಗಳು ತಮ್ಮ ಸದಸ್ಯರಲ್ಲಿ ಯಾರು ಎಷ್ಟು ವಾರ ಒಂದು ನಾಯಿಯನ್ನೋ ಬೆಕ್ಕನ್ನೋ ಇಟ್ಟುಕೊಳ್ಳಬಲ್ಲರೆಂಬ ಪಟ್ಟಿಯೊಂದನ್ನು ಮಾಡಿಟ್ಟುಕೊಳ್ಳಬಹುದು. ಹತ್ತು ಹೆಸರಿದ್ದರೂ ಸಾಕು. ಕಾಗದಗಳು ಬರುವವರೆಗೆ, ಹೊಸ ಕೆಲಸ ಸಿಗುವವರೆಗೆ, ಅದು ಅಲ್ಲಿ ಉಂಡು ಮಲಗಿರುತ್ತದೆ, ತನ್ನ ಹಳೆಯ ಹೆಸರಿನಲ್ಲೇ.